ಕರೆದಾಗ ಬಂದದ್ದಕ್ಕೆ

"ಬಾರೋ ಪುಟ್ಟ, ಬಾ ಬಾ" ಎಂದು ಬಡಗಿ ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು, ಬಿಸ್ಕತ್ತು ಚಾಚಿ ಕರೆದಷ್ಟೂ ನಾಯಿಮರಿ ರಸ್ತೆಯತ್ತ ಹಿಂದೆ ಹಿಂದೆ ಸರಿಯುತ್ತಿತ್ತು. ಲಾರಿಯೊಂದು ಹಾರ್ನ್ ಬಾರಿಸುತ್ತಾ ಅದರ ಬಾಲದ ಪಕ್ಕದಲ್ಲೇ ಹಾದುಹೋಯಿತು.

ಮರಿ ತಂದ ದಿನವೇ ಪಶುವೈದ್ಯೆ ಬಿಡಿಸಿ ಹೇಳಿದ್ದರು: "ಕರೆದಾಗ ಬಂದ ನಾಯಿಗೆ ಯಾವತ್ತೂ ಹೊಡೀಬೇಡಿ. ತಪ್ಪಿಗೆ ಹೊಡೆದ್ರು ಅಂತ ಅದಕ್ಕೆ ತಿಳಿಯಲ್ಲ, ಬಂದಿದ್ದಕ್ಕೇ ಹೊಡೆದ್ರು ಅಂದ್ಕೊಳ್ಳುತ್ತೆ." ಅವನು ಹೂಂಗುಟ್ಟಿದ್ದ. ಆದರೆ ನಿನ್ನೆ, ಹೊಸ ಉಳಿಯ ಹಿಡಿಯನ್ನು ಮರಿ ಕಚ್ಚಿ ಹಾಳುಮಾಡಿದ್ದು ಕಂಡು ಪಿತ್ತ ನೆತ್ತಿಗೇರಿತ್ತು. ಇದೇ ದನಿಯಲ್ಲಿ ಮುದ್ದಾಗಿ ಕರೆದಿದ್ದ. ಅದು ಬಾಲ ಆಡಿಸುತ್ತಾ ಬಂದಿತ್ತು. ಚಪ್ಪಲಿ ಕಿತ್ತುಹೋಗುವಂತೆ ಬಾರಿಸಿದ್ದ.

"ಅಪ್ಪಾ, ನೀನು ಕರೀಬೇಡ," ಎಂದಳು ಹಿಂದೆ ನಿಂತಿದ್ದ ಪುಟ್ಟ ಮಗಳು. "ಒಳಗೆ ಹೋಗು. ನೀನಿದ್ರೆ ಅದು ಬರಲ್ಲ."

ಅವನು ಒಳಗೆ ಹೋಗಿ ಬಾಗಿಲು ಮುಚ್ಚಿ, ಕಿಟಕಿಯ ಸಂದಿಯಿಂದ ನೋಡಿದ. ಮಗಳು ನೆಲದ ಮೇಲೆ ಕೂತು ಸುಮ್ಮನೆ ಕೈ ಚಾಚಿದಳು. ಮರಿ ಒಂದೇ ಉಸಿರಿಗೆ ಓಡಿಬಂದು ಅವಳ ಮಡಿಲಿಗೆ ಬಿದ್ದು ಮುಖವೆಲ್ಲ ನೆಕ್ಕತೊಡಗಿತು. ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ, ಅವನಿಗೇ ನೆನಪಾಗಲಿಲ್ಲ. ತಾನೂ ನಗುತ್ತಾ ಬಾಗಿಲು ತೆರೆದ.

ನಗು ಗಕ್ಕನೆ ನಿಂತಿತು. ಮಗಳು ಮರಿಯನ್ನು ಎದೆಗವಚಿಕೊಂಡು ಗೋಡೆಗೆ ಅಂಟಿದಳು.

"ಹೊಡೀಬೇಡ ಅಪ್ಪಾ," ಎಂದಳು. "ಇನ್ಮೇಲೆ ನಾವಿಬ್ರೂ ನಿನ್ನ ಸಾಮಾನು ಏನೂ ಮುಟ್ಟಲ್ಲ."