ಕಸೂತಿ ಹೊದ್ದ ಮಾನಿಟರ್

ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿಕೊಂಡು, ಹಲ್ಲಿನಲ್ಲಿ ಫೋನ್ ಕಚ್ಚಿ ಹಿಡಿದು, ಅದರ ಬೆಳಕಿನಲ್ಲಿ ರಾಘವ್ ಗೆಳೆಯನ ಮಾನಿಟರಿನ ಬೆನ್ನು ಓದುತ್ತಿದ್ದ.

ಕದಿಯಲು ಬಂದವನಲ್ಲ. ಸಿಡ್ನಿಯಿಂದ ವಿಮಾನ ಹತ್ತಿ ಮೆಲ್ಬರ್ನಿಗೆ ಬಂದು, ಕ್ರೇಗಿಬರ್ನ್ ಬಡಾವಣೆಯ ಶಂಭುಲಿಂಗನ ಮನೆಯಲ್ಲಿ ಹೊಟ್ಟೆ ತುಂಬ ರೊಟ್ಟಿ ಉಂಡು, ಶಂಭು ಹಾಲು ತರಲು ಹೊರಟ ಗಳಿಗೆ ನೋಡಿ ಈ ಕೆಲಸಕ್ಕೆ ಇಳಿದಿದ್ದ. ದೇವರು ಕ್ಷಮಿಸುತ್ತಾನೆ. ಸೋತು ಸೋತು ಸಾಕಾದವನ ಮೇಲೆ ಅವನಿಗೂ ಕರುಣೆ ಇದ್ದೀತು.

ಶನಿವಾರ ಬಂತೆಂದರೆ ಇಬ್ಬರೂ ಅವರವರ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಗುಂಡಿನಾಟ ಆಡುವವರು. ಆ ಆಟದಲ್ಲಿ ಒಂದು ಉದ್ದ ನಳಿಗೆಯ ಕೋವಿಯಿದೆ. ಅದರ ಗುಂಡು ಪರದೆಯ ಮಧ್ಯಕ್ಕೇ ಹೋಗುತ್ತದೆ, ಆದರೆ ಗುರಿ ಹಿಡಿಯಲು ಅಲ್ಲಿ ಯಾವ ಗುರುತೂ ಇಲ್ಲ, ಕಣ್ಣಂದಾಜಿನಲ್ಲೇ ಹೊಡೆಯಬೇಕು. ಎಲ್ಲರೂ ತಪ್ಪುತ್ತಾರೆ. ಶಂಭು ಮಾತ್ರ ತಪ್ಪುವುದಿಲ್ಲ.

"ನಿಜ ಹೇಳೋ, ನಿನ್ನ ಮಾನಿಟರ್ ಯಾವುದು?" ಎಂದು ರಾಘವ್ ಎಷ್ಟೋ ಸಲ ಕೇಳಿದ್ದ.

"ಸಾದಾ ಐತೋ. ಸೇಲ್‌ನ್ಯಾಗ ತಗೊಂಡಿದ್ದು. ಎಲ್ಲಾ ನಮ್ಮವ್ವನ ಆಶೀರ್ವಾದ."

ಯಾರು ನಂಬುತ್ತಾರೆ?

ಮಾನಿಟರಿನ ಮುಖಕ್ಕೆ, ದೇವರ ಪೆಟ್ಟಿಗೆಗೆ ಹೊದಿಸುವಂತೆ, ಕಸೂತಿ ಹಾಕಿದ ವಸ್ತ್ರ ಹೊದಿಸಿತ್ತು. ಮುಖ ಕಟ್ಟಿಕೊಂಡು ರಾಘವನಿಗೇನು? ಮರ್ಮವೆಲ್ಲ ಬೆನ್ನಿನ ಮೇಲೆ ಬರೆದಿರುತ್ತದೆ. ಬರೆದೂ ಇತ್ತು: ಇಪ್ಪತ್ನಾಲ್ಕು ಇಂಚು, ವೇಗ ಅರವತ್ತು ಹರ್ಟ್ಸ್. ಆಫೀಸಿನಲ್ಲಿ ಲೆಕ್ಕ ಬರೆಯುವವರ ಬಡ ಮಾನಿಟರ್.

'ಸ್ಟಿಕ್ಕರ್ ಬದಲಾಯಿಸಿದ್ದಾನೆ, ಕಳ್ಳ!'

"ಏನ್ ಕಳಕೊಂಡೀಯೋ ತಮ್ಮಾ?"

ಬಾಗಿಲಲ್ಲಿ ಶಂಭುವಿನ ತಾಯಿ ಗಿರಿಜವ್ವ, ಕೈಯಲ್ಲಿ ಕುಂಕುಮದ ಭರಣಿ.

"ಉಂಗುರ ಅಮ್ಮಾ."

"ಬೆರಳಾಗ ಐತಲ್ಲೋ."

"ಹೂಂ... ಸಿಕ್ತು ಅಮ್ಮಾ."

ಗಿರಿಜವ್ವ ಹೆಚ್ಚು ಕೇಳಲಿಲ್ಲ. "ಹೊಸಾ ಅಂಗಿ ಹಾಕ್ಕೊಂಡ್ ಬಂದೀದಿ, ಬಾ ಇಲ್ಲೆ," ಎಂದು ಹಣೆಗೆ ಬೊಟ್ಟಿಟ್ಟರು. ಹೊಸದೇನು ಕಂಡರೂ ಬೊಟ್ಟಿಡದೆ ಬಿಡುವ ಜೀವವಲ್ಲ ಅದು. ಬಾಗಿಲಿಗಿತ್ತು, ಕಾರಿಗಿತ್ತು, ರೈಸ್ ಕುಕ್ಕರಿಗೂ ಇತ್ತು. ಎಣ್ಣೆಯಲ್ಲಿ ಕಲಸಿದ ಕುಂಕುಮ. ಸೋಮವಾರ ನಾರ್ತ್ ಸಿಡ್ನಿಯ ಆಫೀಸಿನ ಮೀಟಿಂಗಿನಲ್ಲಿಯೂ ರಾಘವನ ಹಣೆಯಲ್ಲಿ ಅದು ಉದಯರವಿಯಂತೆ ಬೆಳಗುತ್ತಿತ್ತು.

ಮನೆಗೆ ಮರಳಿದವನು ತಾನೂ ಹೊಸ ಮಾನಿಟರ್ ಕೊಳ್ಳುವ ಹಟ ಹಿಡಿದ.

"ನಾನೂರು ಡಾಲರ್. ಅಷ್ಟೇ," ಎಂದಳು ಹೆಂಡತಿ ಮಧುರಾ. "ಮಾರ್ಟ್‌ಗೇಜ್ ನಿನ್ನ ಗನ್ ಬಂದು ಕಟ್ಟಲ್ಲ."

ರಾಘವ್ ವಧುಪರೀಕ್ಷೆಗೆ ಹೊರಟವನಂತೆ ಅಂಗಡಿ ಅಂಗಡಿ ಸುತ್ತಿದ. ಮೂವತ್ತೆರಡು ಇಂಚಿನದಕ್ಕೆ ಕತ್ತು ಅತ್ತಿತ್ತ ಹೊರಳಿಸಬೇಕು. ಬಾಗಿದ ಪರದೆ ಚೆಂದ, ಬೆಲೆ ಕೇಳಿದರೆ ನಾವೇ ಬಾಗಬೇಕು. ಫೋರ್‌ಕೆ ಎಂಬ ಅತಿಸ್ಪಷ್ಟ ಪರದೆ ತಂದರೆ ಅವನ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಕೊನೆಗೆ ಇಪ್ಪತ್ತೇಳು ಇಂಚಿನದು, ನೂರ ಅರವತ್ತೈದು ಹರ್ಟ್ಸಿನದು ಸೇಲಿನಲ್ಲಿ ಸಿಕ್ಕಿತು. ಕೊಟ್ಟ ದುಡ್ಡಿಗೆ ಮೋಸವಿಲ್ಲದ ಮಾಲು. ಅವನ ಬುದ್ಧಿಯನ್ನು ಮೆಚ್ಚಲೇಬೇಕು.

"ಕನ್ನಡ ಸಂಘದ ಗೇಮ್ ಪಂದ್ಯದ ಫೈನಲ್‌ನಲ್ಲಿ ಸೋತರೆ ಇದು ಅಂಗಡಿಗೆ ವಾಪಸ್," ಎಂದಳು ಮಧುರಾ. "ಬಾಕ್ಸ್ ಎಸೀಬೇಡ."

ಫೈನಲ್ ಸಿಡ್ನಿಯಲ್ಲೇ ನಡೆಯಿತು. ಅವರವರ ಮಾನಿಟರ್ ಅವರವರೇ ತರಬೇಕೆಂಬ ನಿಯಮ. ಶಂಭು ತನ್ನದನ್ನು ಕಸೂತಿ ವಸ್ತ್ರದ ಸಮೇತ, ಅವ್ವನ ಸಮೇತ, ಮೆಲ್ಬರ್ನಿನಿಂದ ಕಾರಿನಲ್ಲೇ ತಂದಿದ್ದ. ಸಭಾಂಗಣದಲ್ಲಿ ಎದುರುಬದುರು ಎರಡು ಮೇಜು, ಬೆನ್ನಿಗೆ ಬೆನ್ನು ಕೊಟ್ಟು ಎರಡು ಮಾನಿಟರ್. ಸಿಡ್ನಿಯವರೆಲ್ಲ ರಾಘವನ ಹಿಂದೆ ನಿಂತರು. ಶಂಭುವಿನ ಹಿಂದೆ ಗಿರಿಜವ್ವ ಒಬ್ಬರೇ, ಕಣ್ಣು ಮುಚ್ಚಿ ಜಪ ಮಾಡುತ್ತ ಕೂತಿದ್ದರು.

ಕೇಸರಿಬಾತಿನ ಪಾತ್ರೆಯ ಮುಚ್ಚಳ ತೆಗೆಯುವುದರೊಳಗೆ ರಾಘವ್ ಸೋತಿದ್ದ. ಮಾನಿಟರಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ತಾನು ಸಾಯುವುದನ್ನು ಇಷ್ಟು ಸ್ಪಷ್ಟವಾಗಿ, ಇಷ್ಟು ಒಳ್ಳೆಯ ಬಣ್ಣಗಳಲ್ಲಿ ಅವನು ಹಿಂದೆಂದೂ ನೋಡಿರಲಿಲ್ಲ.

ಮಧುರಾ ಬಾಕ್ಸ್ ಎತ್ತಿ ಮೇಜಿನ ಮೇಲಿಟ್ಟಳು.

ಅಷ್ಟರಲ್ಲಿ ಸಮಾಧಾನ ಹೇಳಲು ಈ ಕಡೆ ಬಂದ ಗಿರಿಜವ್ವ ಹೊಸ ಪರದೆ ನೋಡಿ ಕೆನ್ನೆಗೆ ಕೈಯಿಟ್ಟರು. "ಅಯ್ಯ ಶಿವನ! ಹೊಸಾ ಸಾಮಾನು, ಬೋಳ ಹಣಿ! ಹಿಂಗಿದ್ರ ಹ್ಯಾಂಗ ಗೆಲ್ತೀಯೋ ತಮ್ಮಾ?" ಬೆರಳು ಆಗಲೇ ಭರಣಿಯೊಳಗಿತ್ತು.

"ಯವ್ವಾ, ಬ್ಯಾಡಾ!"

ಕೂಗಿದವನು ರಾಘವನಲ್ಲ, ಶಂಭು. ಗೆದ್ದವನು, ಕೇಸರಿಬಾತಿನ ತಟ್ಟೆ ಬಿಟ್ಟು ಓಡಿ ಬರುತ್ತಿದ್ದ. ಬರುವುದರೊಳಗೆ ಪರದೆಯ ಮಧ್ಯಕ್ಕೆ ಬೊಟ್ಟು ಬಿದ್ದಾಗಿತ್ತು.

"ಮುಗೀತು," ಎಂದು ಮಧುರಾ ಬಾಕ್ಸ್ ಕೆಳಗಿಟ್ಟಳು. "ಇನ್ನು ಯಾವ ಅಂಗಡಿಯವನೂ ತಗೊಳ್ಳಲ್ಲ."

ರಾಘವ್ ಗಾಬರಿಯಿಂದ ತೋಳಿನಲ್ಲಿ ಉಜ್ಜಿದ. ಬೊಟ್ಟು ಹೋಗಲಿಲ್ಲ. ಇನ್ನಷ್ಟು ಉಜ್ಜುವಾಗ ಮೊಣಕೈ ಮೌಸಿಗೆ ತಗಲಿತು. ಆಟ ಇನ್ನೂ ತೆರೆದೇ ಇತ್ತು. ಉದ್ದ ನಳಿಗೆಯ ಕೋವಿ ಗುಡುಗಿತು. ದೂರದ ಗೋಪುರದ ಮೇಲೆ ಕೂತಿದ್ದ ಕಾಗೆ, ಕೆಂಪು ಬೊಟ್ಟಿನ ಸರೀ ಹಿಂದೆ ಇದ್ದದ್ದು, ದೊಪ್ಪನೆ ಕೆಳಗೆ ಬಿತ್ತು.

ರಾಘವ್ ಉಜ್ಜುವುದನ್ನು ನಿಲ್ಲಿಸಿದ. ಮೌಸ್ ಹಿಡಿದು, ಬೊಟ್ಟನ್ನು ಇನ್ನೊಂದು ಕಾಗೆಯ ಮೇಲೆ ತಂದು ಒತ್ತಿದ. ಅದೂ ಬಿತ್ತು.

ಅವನು ಮೆಲ್ಲಗೆ ಎದ್ದು, ಮೇಜು ಸುತ್ತಿ, ಜೀವಮಾನದಲ್ಲಿ ಮೊದಲ ಸಲ ಶಂಭುವಿನ ಮಾನಿಟರಿನ ಮುಂದೆ ಬಂದು ನಿಂತ.

ಅಷ್ಟರಲ್ಲೇ ವಾಪಸ್ ಓಡಿದ್ದ ಶಂಭುಲಿಂಗ ಅವಸರ ಅವಸರವಾಗಿ ಕಸೂತಿ ವಸ್ತ್ರ ಹೊದಿಸುತ್ತಿದ್ದ ಆ ಅಗ್ಗದ ಪರದೆಯ ನಟ್ಟನಡುವೆ, ಅವ್ವನ ಬೆರಳಿನ ಅಳತೆಯ ಕೆಂಪು ಬೊಟ್ಟು ಹೊಳೆಯುತ್ತಿತ್ತು.