ಮೂವತ್ತೊಂದು ಲಕ್ಷ ನನ್ನದಲ್ಲ

"ನಲ್ವತ್ತು ಲಕ್ಷ ತೋರಿಸ್ತಾ ಉಂಟು. ನನ್ನದು ಒಂಬತ್ತೇ. ಉಳಿದ ಮೂವತ್ತೊಂದು ಯಾರದ್ದು ಮಾರಾಯ್ರೆ?"

ಸಾಹುಲ್ ಹಮೀದ್ ಫೋನಿನಲ್ಲಿ ಕೂಗುತ್ತಿದ್ದರು. ದರ್ಬೆಯ ಅವರ ಟೈಲ್ಸ್ ಅಂಗಡಿಗೆ ಬಂದಿದ್ದ ಇಬ್ಬರು ಗಿರಾಕಿಗಳು ಬೆಲೆ ಕೇಳುವುದನ್ನೇ ಮರೆತು ನಿಂತರು. ಆ ಕಡೆಯಿಂದ ಆ್ಯಪ್ ಕಂಪೆನಿಯ ಹುಡುಗಿಯೊಬ್ಬಳು, "ಸರ್, ನಿಮ್ಮ ಹೂಡಿಕೆ ಇಷ್ಟು ಬೆಳೆದಿರುವುದಕ್ಕೆ ಅಭಿನಂದನೆಗಳು" ಎಂದಳು.

ಎಲ್ಲ ಹೂಡಿಕೆಗಳ ಲೆಕ್ಕವನ್ನು ಒಂದೇ ಕಡೆ ತೋರಿಸುವ ಆ್ಯಪ್ ಅದು. ಹೋದ ವಾರ ಅಪ್‌ಡೇಟ್ ಆದ ಮೇಲೆ ಇಮೇಲಿಗೆ ಬಂದ ಹಳೆಯ ಸ್ಟೇಟ್‌ಮೆಂಟುಗಳನ್ನೂ ತಾನೇ ಹೆಕ್ಕಿ ಕೂಡಿಸತೊಡಗಿತ್ತು. ಹಮೀದ್ ಅವರ ಇಮೇಲಿನಲ್ಲಿ ಓದದೆ ಬಿಟ್ಟದ್ದೇ ಹದಿನಾರು ಸಾವಿರ ಇತ್ತು. ಅದರಲ್ಲಿ ಏನಿದೆಯೆಂದು ಅವರು ಯಾವತ್ತೂ ನೋಡಿದವರಲ್ಲ.

ಬೇರೆಯವರಾದರೆ ಖುಷಿಪಡುತ್ತಿದ್ದರೋ ಏನೋ. ಹಮೀದ್ ಬೆವರಿದರು. ಹಿಂದಿನ ತಿಂಗಳಷ್ಟೇ ಕಡಬದ ಮೀನಿನ ವ್ಯಾಪಾರಿ ಪೋಕರ್ ಅವರ ಖಾತೆಗೆ ಎಲ್ಲಿಂದಲೋ ನಾಲ್ಕು ಸಾವಿರ ರೂಪಾಯಿ ಬಂದು ಬಿದ್ದಿತ್ತು. ಕೇಳರಿಯದ ಊರಿನ ಸೈಬರ್ ಪೊಲೀಸರು ಅದು ಕಳ್ಳ ಹಣವೆಂದು ಇಡೀ ಖಾತೆಯನ್ನೇ ತಡೆಹಿಡಿದಿದ್ದರು. ನಾಲ್ಕು ಸಾವಿರಕ್ಕೆ ಇಷ್ಟಾದರೆ ಮೂವತ್ತೊಂದು ಲಕ್ಷಕ್ಕೆ ಎಷ್ಟು? 'ವಿವರಕ್ಕೆ ಇಲ್ಲಿ ಒತ್ತಿ' ಎಂದು ಆ್ಯಪ್ ಕರೆಯುತ್ತಲೇ ಇತ್ತು. ಒತ್ತಿದರೆ ಒಪ್ಪಿಕೊಂಡ ಹಾಗಾದೀತು ಎಂದು ಹಮೀದ್ ಬೆರಳನ್ನು ಹತ್ತಿರಕ್ಕೂ ಒಯ್ಯಲಿಲ್ಲ.

ಮಧ್ಯಾಹ್ನ ಮನೆಗೆ ಹೋದಾಗ ಹೆಂಡತಿ ಕದೀಜಮ್ಮ ಪತ್ತಿರ್ ಬೇಯಿಸುತ್ತಿದ್ದರು. ಮದುವೆ ಮನೆಗಳಿಗೂ ಎರಡು ಹೋಟೆಲುಗಳಿಗೂ ಅವರು ಇಪ್ಪತ್ತು ವರ್ಷದಿಂದ ಅಕ್ಕಿಯ ಆ ರೊಟ್ಟಿಗಳನ್ನು ಮಾಡಿ ಕೊಡುತ್ತಿದ್ದರು. ಯಾರಾದರೂ ಕೇಳಿದರೆ, "ಅದು ಅವಳಿಗೆ ಹೊತ್ತು ಹೋಗ್ಲಿಕ್ಕೆ" ಎನ್ನುವುದು ಹಮೀದ್ ಅವರ ರೂಢಿ.

ಗಂಡನ ಗೋಳನ್ನೆಲ್ಲ ಕೇಳಿ ಕದೀಜಮ್ಮ ಒಲೆಯ ಉರಿ ತಗ್ಗಿಸಿದರು.

"ನಿಮ್ಮದಲ್ಲ ಅಂತ ಗ್ಯಾರಂಟಿ ಉಂಟಾ?"

"ಅಲ್ಲಾಹನ ಮೇಲಾಣೆ. ಅದಕ್ಕೆ ನಾನು ಒಂದು ರೂಪಾಯಿ ಹಾಕಿದ್ದಿಲ್ಲ."

"ಹಾಗಾದ್ರೆ ಬರೀ ಫೋನಿನಲ್ಲಿ ಕಿರುಚಿ ಎಂತ ಪ್ರಯೋಜನ? ಛಾಪಾ ಕಾಗದದಲ್ಲಿ ಬರೆದು ಕೊಡಿ. ನಾಳೆ ಯಾರೂ ತಕರಾರು ಮಾಡ್ಬಾರ್ದು."

ವ್ಯವಹಾರದ ವಿಷಯದಲ್ಲಿ ಇವಳು ಬುದ್ಧಿವಂತಿಕೆಯ ಮಾತಾಡಿದ್ದು ಇದೇ ಮೊದಲು ಎಂದು ಹಮೀದ್‌ಗೆ ಅನಿಸಿತು. ಸುಳ್ಯದಲ್ಲಿ ಎರಡನೆಯ ಅಂಗಡಿ ತೆರೆಯುವಾಗ ಇವಳೇ ಬೇಡವೆಂದಿದ್ದಳು. ಅವರು ಕೇಳಿರಲಿಲ್ಲ. ಇವಳ ಹನ್ನೆರಡು ಬಳೆಗಳನ್ನು ಮಾರಿ ತೆರೆದ ಆ ಅಂಗಡಿ ಹದಿನಾಲ್ಕು ತಿಂಗಳಿಗೆ ಬಾಗಿಲು ಹಾಕಿತ್ತು. ಬಳೆಗಳ ಮಾತನ್ನು ಆಮೇಲೆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಕಂಪೆನಿಗೆ ಆರು ಸಲ ಫೋನ್ ಹೋಯಿತು. ಒಬ್ಬ ಫೋನನ್ನು ಆಫ್ ಮಾಡಿ ಆನ್ ಮಾಡಿ ಎಂದ. ಇನ್ನೊಬ್ಬ, ಇಷ್ಟು ಹೂಡಿಕೆ ಇರುವವರಿಗೆ ವಿಶೇಷ ಸದಸ್ಯತ್ವ ಇದೆ, ಬೇಕೇ ಎಂದು ಕೇಳಿದ. ಕೊನೆಗೊಂದು ಮೇಲ್ ಬಂತು: ನಮ್ಮ ಲೆಕ್ಕ ಸರಿಯಾಗಿಯೇ ಇದೆ; ಆದರೂ ಹಣ ನಿಮ್ಮದಲ್ಲವಾದರೆ ಹಾಗೆಂದು ಬರೆದು ಸಹಿ ಮಾಡಿ ಕಳುಹಿಸಿ, ತೆಗೆದುಹಾಕುತ್ತೇವೆ.

ಹಮೀದ್ ಅದೇ ದಿನ ನೋಟರಿಯ ಮುಂದೆ ಕುಳಿತರು. 'ಸದರಿ ಹೂಡಿಕೆ ನನ್ನದಲ್ಲ. ಅದರ ಮೇಲೆ ನನಗೆ ಈಗಾಗಲಿ ಮುಂದಾಗಲಿ ಯಾವ ಹಕ್ಕೂ ಇರುವುದಿಲ್ಲ.'

"ಒಂದು ಜೆರಾಕ್ಸ್ ಮನೆಯಲ್ಲಿ ಇರ್ಲಿ" ಎಂದರು ಕದೀಜಮ್ಮ.

ಎರಡು ವಾರ ಕಳೆದು ಪರದೆಯ ಮೇಲೆ ಒಂಬತ್ತು ಲಕ್ಷ ಮೂಡಿತು. ಹೆದರಿಕೆ ಹೋಯಿತು, ಪ್ರಾಮಾಣಿಕತೆ ಉಳಿಯಿತು. ಅಂಗಡಿಗೆ ಬಂದವರಿಗೆಲ್ಲ ಹಮೀದ್ ಟೈಲ್ಸ್ ತೋರಿಸುವ ಮೊದಲು ಛಾಪಾ ಕಾಗದ ತೋರಿಸಿದರು. ವರ್ತಕರ ಸಂಘದ ಅಧ್ಯಕ್ಷ ಯೂಸುಫ್ ಸಭೆ ಕರೆದು ಶಾಲು ಹೊದಿಸಿದರು. "ಮೂವತ್ತೊಂದು ಲಕ್ಷವನ್ನು ಕಣ್ಣೆತ್ತಿಯೂ ನೋಡದ ಮನುಷ್ಯ!" ಎಂದರು. ಹಮೀದ್ ಮೈಕ್ ಹಿಡಿದು, "ಇನ್ನೊಬ್ಬರ ದುಡಿಮೆ ನನಗೆ ಹರಾಮ್" ಎಂದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿದ್ದ ಕದೀಜಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು.

ಸಂಜೆ ಮನೆಯಲ್ಲಿ ಹಮೀದ್ ಶಾಲನ್ನು ಹೆಗಲಿನಿಂದ ಇಳಿಸದೆಯೇ ಹೆಂಡತಿಯ ಪಕ್ಕ ಕುಳಿತರು.

"ಕಡಬದಲ್ಲಿ ಅಂಗಡಿಗೆ ಒಂದು ಒಳ್ಳೆಯ ಕೋಣೆ ಸಿಕ್ಕಿದೆ, ಪೇಟೆಯ ಮಧ್ಯದಲ್ಲೇ. ಅಡ್ವಾನ್ಸ್ ಕೊಟ್ರೆ ನಮ್ಮದು. ನಿನ್ನ ಸರ ಒಂದು ಉಂಟಲ್ಲ..."

"ಸರ ಕೊಡುದಿಲ್ಲ."

ಹಮೀದ್ ತಿರುಗಿ ನೋಡಿದರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ 'ಕೊಡುದಿಲ್ಲ' ಎಂಬ ಶಬ್ದ ಅವರ ಕಿವಿಗೆ ಬಿದ್ದಿರಲಿಲ್ಲ.

"ನನ್ನದು ನಿನ್ನದು ಅಂತ ಬೇರೆ ಬೇರೆ ಉಂಟಾ ನಮ್ಮಲ್ಲಿ?"

"ಇಷ್ಟು ದಿನ ಇರ್ಲಿಲ್ಲ" ಎಂದರು ಕದೀಜಮ್ಮ.

ಹಮೀದ್ ರೇಗುವಷ್ಟರಲ್ಲಿ ಅಂಗಳದಲ್ಲಿ ಸ್ಕೂಟರ್ ನಿಂತಿತು. ಬಂದವರು ಮುರಳಿಕೃಷ್ಣ. ವಿಮೆ, ಮ್ಯೂಚುವಲ್ ಫಂಡ್ ಎಂದು ದರ್ಬೆಯ ಅರ್ಧ ಮನೆಗಳಿಗೆ ಹೋಗಿಬರುವ ಏಜೆಂಟ್. ತನ್ನನ್ನು ಅಭಿನಂದಿಸಲು ಇನ್ನೊಬ್ಬರು ಬಂದರೆಂದು ಹಮೀದ್ ಶಾಲು ಸರಿಮಾಡಿಕೊಂಡು ಎದ್ದರು. ಮುರಳಿಕೃಷ್ಣ ಅವರಿಗೊಂದು ನಮಸ್ಕಾರ ಹಾಕಿ, ಚೀಲದಿಂದ ಫಾರ್ಮ್ ತೆಗೆದು ಕದೀಜಮ್ಮನ ಮುಂದೆ ಹಿಡಿದರು.

"ಕದೀಜಕ್ಕ, ಇಲ್ಲೊಂದು ಸೈನ್ ಹಾಕಿ. ಹದಿನೈದು ವರ್ಷದ ಹಿಂದೆ ಫಾರ್ಮಿಗೆ ಇಮೇಲ್ ಬೇಕು ಅಂತ ನಾನೇ ಹಮೀದಾಕನದ್ದು ಬರೆದುಬಿಟ್ಟದ್ದು. ಇನ್ನು ನಿಮ್ಮ ಮೂವತ್ತೊಂದು ಲಕ್ಷದ ಕಾಗದ ಎಲ್ಲ ನಿಮಗೇ ಬರ್ತದೆ."