ಹೀರೋಯಿನ್ ಗೆಳತಿ

ರಾಮನಗರದಲ್ಲಿ ಬಸ್ಸು ರೇಷ್ಮೆಗೂಡಿನ ಮಾರ್ಕೆಟ್ ದಾಟುವಾಗ ಆ ವಾಸನೆ ಕಿಟಕಿಯಿಂದ ಒಳಗೆ ಬಂದರೆ, ಈ ವಯಸ್ಸಿನಲ್ಲೂ ನನಗೆ ಸೀಟಿನಲ್ಲಿ ಕೂತಿರಲು ಆಗುವುದಿಲ್ಲ.

ಹೈಸ್ಕೂಲಿನಲ್ಲಿದ್ದಾಗ ಒಂದು ಮಧ್ಯಾಹ್ನ ನಮ್ಮ ಕಾನ್ವೆಂಟಿನಲ್ಲಿ ಹಳೆಯ ಇಟಾಲಿಯನ್ ಕಾಮಿಡಿಯೊಂದರ ರಿಹರ್ಸಲ್ ನಡೆದಿತ್ತು. ಗೌರಿ ಹೀರೋಯಿನ್, ನಾನು ಅವಳ ಗೆಳತಿ. ಅವಳ ಗುಟ್ಟುಗಳನ್ನು ಕೇಳುವುದು, ಅವಳು ಮನೆಬಿಟ್ಟು ಹೊರಟಾಗ "ನಾನೂ ಬರುತ್ತೇನೆ" ಅನ್ನುವುದು, ಅಷ್ಟೇ ನನ್ನ ಪಾರ್ಟ್.

ಗೂಡು ಮಾರಿ ನೇರ ಬಂದ ಗೌರಿಯ ಅಪ್ಪ ಬಾಗಿಲಲ್ಲಿ ನಿಂತರು. ಹಾಲ್ ತುಂಬ ಅದೇ ವಾಸನೆ.

"ನಡಿಯವ್ವಾ ಗೌರಿ, ಒಸಿ ಬೇಗ. ಗಂಡಿನ ಕಡೆಯೋರು ಬಂದವ್ರೆ."

ಗೌರಿ ಯೂನಿಫಾರ್ಮಿನ ಮೇಲೆ ಹಾಕಿದ್ದ ಸ್ಯಾಟಿನ್ ಗೌನ್ ಬಿಚ್ಚಿ ನನ್ನ ಕೈಗಿಟ್ಟಳು. ಅದು ಇನ್ನೂ ಬೆಚ್ಚಗಿತ್ತು.

"ನಾನೂ ಬರ್ತೀನಿ" ಅಂದೆ.

ಅವಳ ಅಪ್ಪ ನಕ್ಕರು. "ಬಾ ಮಗ, ಕಜ್ಜಾಯ ಮಾಡವ್ರೆ."

"ಯು ಸ್ಟೇ," ನಾಟಕ ಕಲಿಸುತ್ತಿದ್ದ ಸಿಸ್ಟರ್ ನನ್ನ ಭುಜ ಹಿಡಿದರು. "ಅವಳ ಲೈನ್ಸ್ ಎಲ್ಲಾ ನಿನಗೆ ಬರುತ್ತಲ್ಲ."

ಗೌರಿ ಮತ್ತೆ ಸ್ಕೂಲಿಗೆ ಬರಲಿಲ್ಲ. ಸ್ಕೂಲ್ ಡೇ ದಿನ ಆ ಗೌನಿನಲ್ಲಿ ನಾನೇ ಹೀರೋಯಿನ್. ಮನೆಬಿಟ್ಟು ಹೊರಡುವ ಸೀನಿನಲ್ಲಿ ಒಬ್ಬಳೇ ಹೊರಟೆ. ಗೆಳತಿಯ ಪಾರ್ಟ್ ಇಲ್ಲದಿದ್ದರೂ ನಾಟಕ ನಡೆಯುತ್ತದೆ ಎಂದು ಸಿಸ್ಟರ್ ಅದನ್ನು ತೆಗೆದುಹಾಕಿದ್ದರು.